ಬಚ್ಚಲುಮನೆಯಲ್ಲಿ ಕ್ಯಾಮೆರಾ ಇಲ್ಲದ ಕಾವಲು: ಮಿಲಿಮೀಟರ್ ತರಂಗದ ರಾಡಾರ್ ಬಳಸಿದವರು ಯಾರಾದರೂ ಇದ್ದೀರಾ?

ತುಂಗಾತೀರದವಳು:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಹತ್ತಿರದ ನಮ್ಮ ಹಳೆಯ ಹೆಂಚಿನ ಮನೆಯಲ್ಲಿ 78 ವರ್ಷದ ಅಮ್ಮ ಒಬ್ಬರೇ ಇದ್ದಾರೆ; ನಾನು ಬೆಂಗಳೂರಿನಲ್ಲಿದ್ದೇನೆ. ಕಳೆದ ಮಳೆಗಾಲದಲ್ಲಿ ಅವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಏಳಲಾಗದೆ ಸುಮಾರು ಎರಡು ಗಂಟೆ ಒದ್ದೆ ನೆಲದ ಮೇಲೆಯೇ ಇದ್ದರು. ಹಾಲು ಕೊಡಲು ಬಂದ ಪಕ್ಕದ ಮನೆಯ ಅತ್ತೆ ಕೂಗು ಕೇಳಿಸಿಕೊಂಡು ಒಳಗೆ ಹೋಗಿದ್ದರಿಂದ ವಿಷಯ ತಿಳಿಯಿತು. ಅಂದು ಹಾಲು ತರುವುದು ತಡವಾಗಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸಲೂ ನನಗೆ ಧೈರ್ಯವಿಲ್ಲ.

ಮೊಬೈಲನ್ನು ಬಚ್ಚಲಿಗೆ ಒಯ್ಯುವ ಅಭ್ಯಾಸ ಅಮ್ಮನಿಗಿಲ್ಲ. ಕೊರಳಿಗೆ ಹಾಕಿಕೊಳ್ಳುವ ತುರ್ತು ಗುಂಡಿಯೊಂದನ್ನು ತಂದುಕೊಟ್ಟೆ. ಸ್ನಾನಕ್ಕೆ ಹೋಗುವಾಗ ಅದನ್ನು ತೆಗೆದು ದೇವರ ಗೂಡಿನ ಪಕ್ಕದಲ್ಲಿಟ್ಟು ಹೋಗುತ್ತಾರೆ. ಕ್ಯಾಮೆರಾದ ಮಾತಂತೂ ಇಲ್ಲವೇ ಇಲ್ಲ. ಚಿತ್ರ ತೆಗೆಯದೆ, ಮೈಮೇಲೆ ಏನನ್ನೂ ಧರಿಸದೆ, ಮನುಷ್ಯರ ಇರವನ್ನು ಮತ್ತು ಬೀಳುವುದನ್ನು ಗುರುತಿಸುವ ಮಿಲಿಮೀಟರ್ ತರಂಗದ ರಾಡಾರ್ ಸೆನ್ಸರ್‌ಗಳು ಈಗ ಸಿಗುತ್ತವೆ ಎಂದು ಓದಿದೆ. ನಮ್ಮ ಬಚ್ಚಲುಮನೆಯಲ್ಲಿ ದೊಡ್ಡ ತಾಮ್ರದ ಹಂಡೆಯಿದೆ, ಬೆಳಗ್ಗೆ ಉಗಿ ತುಂಬಿರುತ್ತದೆ, ಜಂತಿಯಿಂದ ಜಂತಿಗೆ ಬಟ್ಟೆ ಒಣಗಿಸುವ ಹಗ್ಗವಿದೆ. ಇಂಥ ಕಡೆ ಇದು ಕೆಲಸ ಮಾಡುತ್ತದೆಯೇ? ದಿನವೂ ಮೈಮೇಲೆ ಬೀಳುವ ಆ ತರಂಗಗಳಿಂದ ಅಪಾಯವಿಲ್ಲವೇ?

ಮಂಡ್ಯದ_ಮಾತು:
ಮೊದಲು ಜಾರದ ಹಾಸು ಹಾಕಿಸಿ, ಗೋಡೆಗೆ ಗಟ್ಟಿಯಾದ ಹಿಡಿಕೆ ಬಡಿಸಿ. ರಾಡಾರ್ ಆಮೇಲೆ.

ತುಂಗಾತೀರದವಳು:
ಅವೆರಡೂ ಬಿದ್ದ ವಾರವೇ ಆಗಿವೆ, ಅಣ್ಣಾ. ಆದರೂ ಬಿದ್ದರೆ ತಿಳಿಯುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಚಿಪ್_ಕೆಲಸಗಾರ:
ನಾನು ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ರಾಡಾರ್ ಚಿಪ್‌ಗಳ ಸಿಗ್ನಲ್ ಸಂಸ್ಕರಣೆಯ ಕೆಲಸದಲ್ಲಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

30ರಿಂದ 300 ಗಿಗಾಹರ್ಟ್ಸ್ ಆವೃತ್ತಿಯ ರೇಡಿಯೋ ಅಲೆಗಳ ತರಂಗದೂರ 10 ಮಿಲಿಮೀಟರಿನಿಂದ 1 ಮಿಲಿಮೀಟರಿನವರೆಗೆ ಇರುವುದರಿಂದ ಅವುಗಳಿಗೆ ಮಿಲಿಮೀಟರ್ ತರಂಗ ಎಂಬ ಹೆಸರು. ಅಲೆ ಚಿಕ್ಕದಾದಷ್ಟೂ ಆಂಟೆನಾ ಚಿಕ್ಕದಾಗುತ್ತದೆ. 60 ಗಿಗಾಹರ್ಟ್ಸ್‌ನಲ್ಲಿ ತರಂಗದೂರ 5 ಮಿಲಿಮೀಟರ್ ಮಾತ್ರ. ಹಾಗಾಗಿ ಕಳುಹಿಸುವ ಮತ್ತು ಸ್ವೀಕರಿಸುವ ಆಂಟೆನಾಗಳೆಲ್ಲ ಕಡಲೆಕಾಳಿಗಿಂತ ಕೊಂಚವೇ ದೊಡ್ಡದಾದ ಚಿಪ್‌ನ ಹೊದಿಕೆಯಲ್ಲೇ ಕೂರುತ್ತವೆ. ಈ ಸೆನ್ಸರ್‌ಗಳಲ್ಲಿ ಹೆಚ್ಚಿನವು ವಿಮಾನ ನಿಲ್ದಾಣದ ಹಳೆಯ ರಾಡಾರ್‌ಗಳಂತೆ ಒಂದು ಸ್ಪಂದನವನ್ನು ಕಳುಹಿಸಿ ಮರುದನಿಗಾಗಿ ಕಾಯುವುದಿಲ್ಲ. ಸಂಗೀತದಲ್ಲಿ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ ಜಾರುವಂತೆ, ಆವೃತ್ತಿಯನ್ನು ಮೈಕ್ರೋಸೆಕೆಂಡುಗಳಲ್ಲಿ ಒಂದೇ ಸಮನೆ ಏರಿಸುತ್ತ ಹೋಗುತ್ತವೆ. ಈ ಏರಿಕೆಗೆ ಚಿರ್ಪ್ ಎಂದು ಹೆಸರು. ತಗುಲಿ ಮರಳಿದ ಅಲೆ ಹಳೆಯ ಆವೃತ್ತಿಯಲ್ಲೇ ಇರುತ್ತದೆ, ಅಷ್ಟರಲ್ಲಿ ಕಳುಹಿಸುವ ಅಲೆ ಮೇಲೇರಿರುತ್ತದೆ. ಇವೆರಡರ ವ್ಯತ್ಯಾಸವೇ ದೂರದ ಅಳತೆ. ಏರಿಕೆಯ ವ್ಯಾಪ್ತಿ 4 ಗಿಗಾಹರ್ಟ್ಸ್ ಇದ್ದರೆ 3.75 ಸೆಂಟಿಮೀಟರ್ ಅಂತರದಲ್ಲಿರುವ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು.

ನಿಜವಾದ ಸೊಗಸು ಇರುವುದು ಮರಳಿದ ಅಲೆಯ ಫೇಸ್‌ನಲ್ಲಿ, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದರಲ್ಲಿ. 60 ಗಿಗಾಹರ್ಟ್ಸ್‌ನಲ್ಲಿ ವಸ್ತುವೊಂದು ಕೇವಲ 1 ಮಿಲಿಮೀಟರ್ ಸರಿದರೆ ಫೇಸ್ 144 ಡಿಗ್ರಿ ತಿರುಗುತ್ತದೆ. ಉಸಿರಾಡುವಾಗ ಎದೆ ಕೆಲವು ಮಿಲಿಮೀಟರ್ ಏರಿಳಿಯುತ್ತದೆ. ಹೃದಯದ ಬಡಿತದಿಂದ ಚರ್ಮ ಅಲುಗುವುದು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಎದೆ ಸೆನ್ಸರ್‌ಗೆ ಎದುರಾಗಿದ್ದು ದೇಹ ಅಲುಗದೆ ಇದ್ದರೆ ಎರಡೂ ಸಿಗುತ್ತವೆ. ಅಲುಗಾಡದೆ ಕುಳಿತವರನ್ನೂ, ಮಲಗಿದವರನ್ನೂ ಇದು ಗುರುತಿಸುವುದು ಹೀಗೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಆಗುತ್ತದೆ. 60 ಗಿಗಾಹರ್ಟ್ಸ್‌ನ, ಬೀಳುವುದನ್ನು ಗುರುತಿಸುವ ಸೆನ್ಸರ್ ಕೊಳ್ಳಿ.

ಬಳ್ಳಾರಿ_ಬಿಸಿಲು:
ಮೇಲಿನವರು ಹೇಳಿದ ಭೌತವಿಜ್ಞಾನ ಸರಿ, ಆದರೆ ಮನೆಯೊಳಗಿನ ಕಥೆ ಬೇರೆ. ನಾನು 24 ಗಿಗಾಹರ್ಟ್ಸ್‌ನ ಎಲ್‌ಡಿ2410 ಎಂಬ ಅಗ್ಗದ ಮಾಡ್ಯೂಲ್‌ಗಳನ್ನು ನಾಲ್ಕು ಕೋಣೆಗಳಲ್ಲಿ ಹಾಕಿದ್ದೇನೆ. ಅದಕ್ಕೆ ಮೊದಲು ದೇಹದ ಶಾಖವನ್ನು ಗ್ರಹಿಸುವ ಪಿಐಆರ್ ಸೆನ್ಸರ್‌ಗಳಿದ್ದವು. ನಮ್ಮೂರಿನ ಬೇಸಿಗೆಯಲ್ಲಿ ಗೋಡೆಯ ಬಿಸಿಯೂ ಮೈಯ ಬಿಸಿಯೂ ಹೆಚ್ಚುಕಡಿಮೆ ಒಂದೇ ಆಗುವುದರಿಂದ ಮಧ್ಯಾಹ್ನ ಅವು ಕುರುಡಾಗುತ್ತಿದ್ದವು. ಮಗ ಓದುತ್ತ ಕುಳಿತಿದ್ದರೂ ದೀಪ ಆರಿಹೋಗುತ್ತಿತ್ತು. ರಾಡಾರ್‌ಗೆ ಆ ತೊಂದರೆಯಿಲ್ಲ. ಆದರೆ ಹಾಕಿದ ಮೊದಲ ದಿನವೇ ದೀಪ ರಾತ್ರಿಯಿಡೀ ಆರಲಿಲ್ಲ. ಕಾರಣ ಚಾವಣಿಯ ಫ್ಯಾನು. ತಿರುಗುವ ರೆಕ್ಕೆಯೂ ರಾಡಾರ್‌ಗೆ ಚಲಿಸುವ ವಸ್ತುವೇ ತಾನೇ.

ಈ ಮಾಡ್ಯೂಲು ದೂರವನ್ನು 75 ಸೆಂಟಿಮೀಟರಿನ ಗೇಟ್‌ಗಳಾಗಿ ಭಾಗಿಸಿಕೊಳ್ಳುತ್ತದೆ. ಫ್ಯಾನು ಯಾವ ಗೇಟಿನಲ್ಲಿ ಬೀಳುತ್ತದೆ ಎಂದು ನೋಡಿ, ಅದೊಂದರ ಸೂಕ್ಷ್ಮತೆಯನ್ನು ತಗ್ಗಿಸಿ, ಸೆನ್ಸರನ್ನು ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಇಳಿಸಿದ ಮೇಲೆ ಸಮಸ್ಯೆ ಬಗೆಹರಿಯಿತು. ಅಕ್ಕಾ, ನಿಮ್ಮ ಬಚ್ಚಲಲ್ಲಿ ಫ್ಯಾನು ಇರಲಾರದು, ಆದರೆ ಹಗ್ಗದ ಮೇಲಿನ ಒದ್ದೆ ಸೀರೆ ಗಾಳಿಗೆ ಆಡಿದರೆ ಅದೂ ಮನುಷ್ಯರೇ ಎಂದು ಇದು ತಿಳಿಯುತ್ತದೆ. ನಲ್ಲಿಯಿಂದ ಬಕೆಟ್ಟಿಗೆ ಬೀಳುವ ನೀರಿನ ಧಾರೆಯೂ ಹಾಗೆಯೇ.

ಹಳೆಯ_ಭೌತಪಾಠ:
ಒಂದು ತಿದ್ದುಪಡಿ. 24 ಗಿಗಾಹರ್ಟ್ಸ್‌ನ ತರಂಗದೂರ ಸುಮಾರು 12.5 ಮಿಲಿಮೀಟರ್ ಆಗುವುದರಿಂದ ಅದು ಕಟ್ಟುನಿಟ್ಟಾಗಿ ಮಿಲಿಮೀಟರ್ ತರಂಗವಲ್ಲ. ಅಂಗಡಿಯವರು ಆ ಹೆಸರಿನಿಂದಲೇ ಮಾರುತ್ತಾರೆ ಅಷ್ಟೆ.

ಬಳ್ಳಾರಿ_ಬಿಸಿಲು:
ಒಪ್ಪಿದೆ ಸರ್. ಪೆಟ್ಟಿಗೆಯ ಮೇಲೆ ಹಾಗೆಯೇ ಬರೆದಿತ್ತು.

ಚಿಪ್_ಕೆಲಸಗಾರ:
ಈ ವ್ಯತ್ಯಾಸ ಬರೀ ಹೆಸರಿನದಲ್ಲ, ಪರಿಣಾಮವೂ ಇದೆ. 24 ಗಿಗಾಹರ್ಟ್ಸ್‌ನಲ್ಲಿ ಸಾಮಾನ್ಯ ಬಳಕೆಗೆ ಸಿಗುವ ಆವೃತ್ತಿಯ ಪಟ್ಟಿ 250 ಮೆಗಾಹರ್ಟ್ಸ್ ಮಾತ್ರ. ಅಷ್ಟರಲ್ಲಿ ದೂರದ ಸ್ಪಷ್ಟತೆ, ಅಂದರೆ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲ ಅಂತರ, 60 ಸೆಂಟಿಮೀಟರಿಗಿಂತ ಉತ್ತಮವಾಗಲಾರದು. ಇಂಥ ಸೆನ್ಸರ್ ‘ಯಾರೋ ಇದ್ದಾರೆ’ ಎಂದು ಹೇಳಬಲ್ಲದು, ‘ಬಿದ್ದಿದ್ದಾರೆ’ ಎಂದು ಹೇಳಲಾರದು. ಬೀಳುವುದನ್ನು ಗುರುತಿಸಲು ದೇಹದ ಎತ್ತರ, ಅದು ಇಳಿದ ವೇಗ, ಆಮೇಲಿನ ನಿಶ್ಚಲತೆ ಎಲ್ಲವೂ ಬೇಕು. ಮೂರು ಕಳುಹಿಸುವ, ನಾಲ್ಕು ಸ್ವೀಕರಿಸುವ ಆಂಟೆನಾಗಳ 60 ಗಿಗಾಹರ್ಟ್ಸ್ ಚಿಪ್ ಇವನ್ನು ಕೊಡುತ್ತದೆ.

ಶುಶ್ರೂಷಕಿ_ಹುಬ್ಬಳ್ಳಿ:
ನನಗೆ ರಾಡಾರ್ ತಿಳಿಯದು, ಆದರೆ ಬಿದ್ದವರನ್ನು ಬಲ್ಲೆ. ವಾರ್ಡಿನಲ್ಲಿ ಇಪ್ಪತ್ತು ವರ್ಷ ನೋಡಿದ್ದೇನೆ. ನೀವೆಲ್ಲ ಕಲ್ಪಿಸಿಕೊಂಡ ಹಾಗೆ ಹಿರಿಯರು ಧೊಪ್ಪನೆ ಬೀಳುವುದು ಕಡಿಮೆ. ತಲೆಸುತ್ತು ಬಂದು ಗೋಡೆ ಹಿಡಿದು ನಿಧಾನವಾಗಿ ಕುಸಿಯುತ್ತಾರೆ, ಅಥವಾ ಕುಳಿತಲ್ಲಿಂದ ಏಳಲು ಹೋಗಿ ಆಗದೆ ಹಾಗೆಯೇ ಪಕ್ಕಕ್ಕೆ ಒರಗುತ್ತಾರೆ. ಇಳಿಯುವ ವೇಗವನ್ನು ನಂಬಿದ ಯಂತ್ರ ಇವೆರಡನ್ನೂ ಗುರುತಿಸದೆ ಬಿಟ್ಟುಬಿಡುವುದಿಲ್ಲವೇ?

ಇನ್ನೊಂದು ಮಾತು. ಮಲೆನಾಡಿನ ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು ಸ್ನಾನ ಮಾಡುತ್ತಾರೆ. ಕುಕ್ಕುರುಗಾಲಲ್ಲಿ ಕುಳಿತು ಬಟ್ಟೆ ಒಗೆಯುತ್ತಾರೆ. ಹೊರಗಿನ ದೇಶದಲ್ಲಿ ನಿಂತು ಸ್ನಾನ ಮಾಡುವವರನ್ನು ನೋಡಿ ಕಲಿತ ಯಂತ್ರಕ್ಕೆ, ನೆಲದಿಂದ ಎರಡು ಅಡಿ ಎತ್ತರದಲ್ಲಿರುವ ನಮ್ಮ ಅಮ್ಮಂದಿರೆಲ್ಲ ದಿನವೂ ಬಿದ್ದವರಂತೆಯೇ ಕಾಣುತ್ತಾರೆ.

ಚಿಪ್_ಕೆಲಸಗಾರ:
ಮೇಡಂ, ನೀವು ಹೇಳಿದ ನಿಧಾನದ ಕುಸಿತ ನಿಜಕ್ಕೂ ಕಷ್ಟದ ಪ್ರಕರಣ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಣೆಯ ಮೇಲೆ ಕುಳಿತವರಿಗೂ ನೆಲಕ್ಕೆ ಒರಗಿದವರಿಗೂ ಎತ್ತರದಲ್ಲಿ ಒಂದು ಅಡಿಯಷ್ಟು ವ್ಯತ್ಯಾಸವಿರುತ್ತದೆ. ಸೆನ್ಸರನ್ನು ಸರಿಯಾಗಿ ಕೂರಿಸಿದರೆ ಗುರುತಿಸಬಹುದು.

ಹೊಳೆಸಾಲು:
ಒಂದು ಅಡಿ ಎಂದಿರಿ. ನೀವೇ ಹೇಳಿದ ಆಂಟೆನಾಗಳ ಕೋನದ ಸ್ಪಷ್ಟತೆ ಎಷ್ಟು?

ಚಿಪ್_ಕೆಲಸಗಾರ:
ಅಡ್ಡದಿಕ್ಕಿನಲ್ಲಿ ಸುಮಾರು 15 ಡಿಗ್ರಿ. ಎತ್ತರದ ದಿಕ್ಕಿನಲ್ಲಿ, ಆಂಟೆನಾ ಜೋಡಣೆಯನ್ನು ಅವಲಂಬಿಸಿ, ಅದಕ್ಕಿಂತ ಒರಟು.

ಹೊಳೆಸಾಲು:
ಹಾಗಾದರೆ 4 ಮೀಟರ್ ದೂರದಲ್ಲಿ 15 ಡಿಗ್ರಿ ಎಂದರೆ ಒಂದು ಮೀಟರಿಗಿಂತ ತುಸು ಹೆಚ್ಚು. ಅಷ್ಟು ಮಸುಕಾದ ಕಣ್ಣಿನಿಂದ ಒಂದು ಅಡಿಯ ವ್ಯತ್ಯಾಸವನ್ನು ನಂಬುವುದು ಹೇಗೆ?

ಚಿಪ್_ಕೆಲಸಗಾರ:
ಒಂದೇ ದೂರದಲ್ಲಿ, ಒಂದೇ ವೇಗದಲ್ಲಿರುವ ಎರಡು ವಸ್ತುಗಳನ್ನು ಬೇರ್ಪಡಿಸಲು ಆ 15 ಡಿಗ್ರಿ ಬೇಕು. ಒಂದೇ ವಸ್ತುವಿದ್ದರೆ ಅದರ ದಿಕ್ಕನ್ನು ಅದಕ್ಕಿಂತ ಚೆನ್ನಾಗಿ ಅಂದಾಜಿಸಬಹುದು. ಜತೆಗೆ ಸೆನ್ಸರನ್ನು ಚಾವಣಿಗೆ ಹಾಕಿ ಕೆಳಮುಖ ಮಾಡಿದರೆ ಎತ್ತರವೇ ದೂರವಾಗುತ್ತದೆ, ದೂರದ ಸ್ಪಷ್ಟತೆ 4 ಸೆಂಟಿಮೀಟರಿನ ಆಸುಪಾಸು ಇದ್ದೇ ಇದೆ. ಆದರೂ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಇದು ಕ್ಯಾಮೆರಾದಂತೆ ನೋಡುತ್ತದೆ ಎಂಬ ಜಾಹೀರಾತಿನ ಮಾತನ್ನು ಯಾರೂ ನಂಬಬೇಡಿ.

ಶುಶ್ರೂಷಕಿ_ಹುಬ್ಬಳ್ಳಿ:
ನಾನು ಕೇಳಬೇಕೆಂದಿದ್ದುದು ಬೇರೆ. ಬಿದ್ದ ಕ್ಷಣವನ್ನೇ ಹಿಡಿಯಬೇಕೆಂಬ ಹಟ ಏಕೆ? ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಬಿದ್ದ ಪೆಟ್ಟಿನಷ್ಟೇ ಕೇಡು ಮಾಡುವುದು ಬಿದ್ದಲ್ಲೇ ಗಂಟೆಗಟ್ಟಲೆ ಉಳಿಯುವುದು. ಒಂದು ಗಂಟೆ ಮೀರಿತೆಂದರೆ ಮೈ ತಣ್ಣಗಾಗುತ್ತದೆ, ನೀರಿನಂಶ ಕಡಿಮೆಯಾಗುತ್ತದೆ, ಒತ್ತಡ ಬಿದ್ದ ಕಡೆ ಚರ್ಮ ಹುಣ್ಣಾಗತೊಡಗುತ್ತದೆ, ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಇಪ್ಪತ್ತು ನಿಮಿಷದೊಳಗೆ ಯಾರಾದರೂ ಬಂದರೆ ಇದರಲ್ಲಿ ಹೆಚ್ಚಿನದೆಲ್ಲ ತಪ್ಪುತ್ತದೆ. ಹಾಗಾಗಿ ಯಂತ್ರ ಉತ್ತರಿಸಬೇಕಾದ ಪ್ರಶ್ನೆ ‘ಬಿದ್ದರೇ?’ ಎಂಬುದಲ್ಲ, ‘ಒಳಗೆ ಹೋದವರು ಹೊರಗೆ ಬಂದರೇ?’ ಎಂಬುದು. ಅದಕ್ಕೆ ಬಳ್ಳಾರಿಯ ತಮ್ಮ ಹೇಳಿದ ಅಗ್ಗದ ಸೆನ್ಸರೇ ಸಾಲದೇ?

ಬಳ್ಳಾರಿ_ಬಿಸಿಲು:
ಸಾಕು! ಒಳಗೆ ಒಂದು, ಬಚ್ಚಲಿನಿಂದ ಮನೆಗೆ ಬರುವ ದಾರಿಯಲ್ಲಿ ಇನ್ನೊಂದು. ಒಳಗಿನದು ‘ಇದ್ದಾರೆ’ ಎನ್ನುತ್ತಲೇ ಇದ್ದು, ದಾರಿಯದು ಹೇಳಿದ ಸಮಯದೊಳಗೆ ಅಲುಗದಿದ್ದರೆ ಗಂಟೆ ಬಾರಿಸುವುದು. ಒಂದು ಸಂಜೆಯ ಕೆಲಸ.

ಚಿಪ್_ಕೆಲಸಗಾರ:
ವೃತ್ತಿಯ ಅಭಿಮಾನದಿಂದ ನಾನು ಕಠಿಣವಾದ ದಾರಿಯನ್ನೇ ಮೊದಲು ಹೇಳಿಬಿಟ್ಟೆ ಎಂದು ಈಗ ಅನಿಸುತ್ತಿದೆ. ಮೇಡಂ ಹೇಳಿದ ರೀತಿಯಲ್ಲಿ ಪ್ರಶ್ನೆಯನ್ನೇ ಬದಲಿಸಿದರೆ ಸೆನ್ಸರಿನ ಮೇಲಿನ ಭಾರ ತುಂಬ ಇಳಿಯುತ್ತದೆ. ಒಂದು ಎಚ್ಚರಿಕೆ ಮಾತ್ರ: ಪ್ರಜ್ಞೆ ತಪ್ಪಿ ಗೋಡೆಯ ಕಡೆಗೆ ತಿರುಗಿ ಮಲಗಿದವರ ಉಸಿರಾಟ 24 ಗಿಗಾಹರ್ಟ್ಸ್ ಸೆನ್ಸರಿಗೆ ಕಾಣದೆ ಹೋಗಿ, ‘ಯಾರೂ ಇಲ್ಲ’ ಎಂದು ಅದು ಹೇಳಬಹುದು. ಆದ್ದರಿಂದ ‘ಒಳಗೆ ಇಲ್ಲ’ ಎಂಬುದನ್ನು ಹೊರಗೆ ಬಂದುದಕ್ಕೆ ಸಾಕ್ಷಿಯೆಂದು ಎಣಿಸಬೇಡಿ. ದಾರಿಯ ಸೆನ್ಸರ್ ನೋಡಿದರೆ ಮಾತ್ರ ಹೊರಗೆ ಬಂದಂತೆ.

ಕಡಬದ_ಗೃಹಿಣಿ:
ಅಪಾಯದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಮೊಬೈಲ್ ಗೋಪುರದ ಹತ್ತಿರ ಮನೆ ಬೇಡ ಎನ್ನುವ ಕಾಲದಲ್ಲಿ ಬಚ್ಚಲಿಗೇ ರಾಡಾರ್ ತರುವುದು ಎಷ್ಟು ಸರಿ?

ಹಳೆಯ_ಭೌತಪಾಠ:
ಲೆಕ್ಕ ಹಾಕಿಯೇ ನೋಡೋಣ, ತಾಯೀ. ಇಂಥ ಸೆನ್ಸರ್ ಹೊರಸೂಸುವ ಶಕ್ತಿ ಹತ್ತಿಪ್ಪತ್ತು ಮಿಲಿವಾಟ್. ಆಂಟೆನಾ ಅದನ್ನು ಒಂದೇ ದಿಕ್ಕಿಗೆ ಒತ್ತುವುದನ್ನೂ ಸೇರಿಸಿ, ಧಾರಾಳವಾಗಿ 100 ಮಿಲಿವಾಟ್‌ಗೆ ಸಮ ಎಂದು ಹಿಡಿಯಿರಿ. ಒಂದು ಮೀಟರ್ ದೂರದಲ್ಲಿ ಅದು ಚದರ ಮೀಟರಿಗೆ 0.008 ವಾಟ್ ಆಗುತ್ತದೆ. ಐಸಿಎನ್‌ಐಆರ್‌ಪಿ ಎಂಬ ಅಂತರರಾಷ್ಟ್ರೀಯ ಆಯೋಗದ 2020ರ ಮಾರ್ಗಸೂಚಿಯಲ್ಲಿ ಸಾರ್ವಜನಿಕರಿಗೆ ಇಟ್ಟ ಮಿತಿ ಚದರ ಮೀಟರಿಗೆ 10 ವಾಟ್. ಅಂದರೆ ನಾವು ಮಿತಿಯ ಸಾವಿರದ ಒಂದು ಭಾಗಕ್ಕಿಂತಲೂ ಕೆಳಗಿದ್ದೇವೆ. ಮಧ್ಯಾಹ್ನದ ಬಿಸಿಲು ಮೈಮೇಲೆ ಚದರ ಮೀಟರಿಗೆ ಸುಮಾರು 1000 ವಾಟ್ ಸುರಿಯುತ್ತದೆ. 60 ಗಿಗಾಹರ್ಟ್ಸ್‌ನ ಅಲೆ ಚರ್ಮದೊಳಗೆ ಇಳಿಯುವುದು ಅರ್ಧ ಮಿಲಿಮೀಟರಿನಷ್ಟು. ಎಕ್ಸ್‌ರೇಯಂತೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳುವ ಬಲ ಈ ಅಲೆಗಳಿಗಿಲ್ಲ. ಅವು ಮಾಡಬಲ್ಲದ್ದು ಬಿಸಿ ಮಾತ್ರ, ಇಷ್ಟು ಕಡಿಮೆ ಶಕ್ತಿಯಲ್ಲಿ ಅದೂ ಗೊತ್ತಾಗುವಷ್ಟಿಲ್ಲ.

ಇನ್ನೊಂದು ವಿಷಯವನ್ನು ಹೇಳದೆ ಇರಲಾರೆ. ಈ ಅಲೆಗಳು ನಿನ್ನೆ ಮೊನ್ನೆ ಹೊರಗಿನಿಂದ ಬಂದ ವಿದ್ಯೆಯೆಂದು ಮಕ್ಕಳು ತಿಳಿದಿದ್ದಾರೆ. ಜಗದೀಶಚಂದ್ರ ಬೋಸ್ ಅವರು 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ತಂತಿಯಿಲ್ಲದೆ ದೂರದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಹೊತ್ತಿಸಿ ತೋರಿಸಿದರು. 5 ಮಿಲಿಮೀಟರಿನಷ್ಟು ಚಿಕ್ಕ ಅಲೆಗಳನ್ನು, ಅಂದರೆ ಇಂದಿನ ಈ 60 ಗಿಗಾಹರ್ಟ್ಸನ್ನೇ, ಅವರು ಆ ಕಾಲದಲ್ಲಿ ಉಂಟುಮಾಡಿ ಅಳೆದಿದ್ದರು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಆ ಬಗ್ಗೆ ಉಪನ್ಯಾಸ ಕೊಟ್ಟರು. ಅಲೆಯ ಕಂಪನದ ದಿಕ್ಕು ತಿರುಗುವುದನ್ನು ತೋರಿಸಲು ಅವರು ಬಳಸಿದ್ದು ಹುರಿ ಮಾಡಿದ ಸೆಣಬಿನ ನಾರನ್ನು! ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನಗೆ ಮೈ ನವಿರೇಳುತ್ತಿತ್ತು.

ನ್ಯೂಜೆರ್ಸಿ_ಕನ್ನಡಿಗ:
ಉಪನ್ಯಾಸಕರ ಮಾತಿಗೆ ಒಂದು ಜೋಡಣೆ. ಗೂಗಲ್ ತನ್ನ ಸೋಲಿ ಎಂಬ 60 ಗಿಗಾಹರ್ಟ್ಸ್ ರಾಡಾರನ್ನು 2019ರ ಅಕ್ಟೋಬರಿನಲ್ಲಿ ಪಿಕ್ಸೆಲ್ 4 ಫೋನಿನೊಳಗೆ ಇಟ್ಟಾಗ, ಭಾರತದಲ್ಲಿ ಆ ಪಟ್ಟಿಗೆ ಅನುಮತಿ ಇಲ್ಲದ್ದರಿಂದ ಆ ಫೋನು ಭಾರತದ ಮಾರುಕಟ್ಟೆಗೇ ಬರಲಿಲ್ಲ. ಬೋಸರ ನಾಡಿನಲ್ಲಿ ಹಾಗಾಯಿತಲ್ಲ ಎಂದು ನನಗೆ ಆಗ ತುಂಬ ಬೇಸರವಾಗಿತ್ತು. 2021ರಲ್ಲಿ ಅದೇ ತಂತ್ರವನ್ನು ಮಂಚದ ಪಕ್ಕದ ನೆಸ್ಟ್ ಹಬ್ ಪರದೆಯಲ್ಲಿ ನಿದ್ರೆಯನ್ನು ಅಳೆಯಲು ಬಳಸಿದರು. ನಮ್ಮ ಮನೆಯಲ್ಲಿ ಒಂದಿದೆ. ಪಕ್ಕದಲ್ಲಿ ಇಬ್ಬರು ಮಲಗಿದರೆ ಹತ್ತಿರದವರನ್ನೇ ಲೆಕ್ಕಕ್ಕೆ ಹಿಡಿಯುತ್ತದೆ.

ಚಿಪ್_ಕೆಲಸಗಾರ:
ವಾಹನಗಳ ಮಟ್ಟಿಗೆ ನಮ್ಮಲ್ಲಿ ದಾರಿ ಮೊದಲೇ ತೆರೆದಿತ್ತು. 76–77 ಗಿಗಾಹರ್ಟ್ಸ್ ಪಟ್ಟಿಯ ಅಲ್ಪದೂರದ ರಾಡಾರ್‌ಗೆ 2015ರಲ್ಲೇ ಪರವಾನಗಿಯಿಂದ ವಿನಾಯಿತಿ ಸಿಕ್ಕಿತು. ವಿನ್ಯಾಸದಲ್ಲಂತೂ ನಮ್ಮೂರು ಹಿಂದೆ ಬಿದ್ದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ, ಅದರ ರಾಡಾರ್ ಚಿಪ್‌ಗಳಲ್ಲಿ ಇಲ್ಲಿನ ಎಂಜಿನಿಯರುಗಳ ಕೆಲಸವಿದೆ. ಬೆಂಗಳೂರಿನಲ್ಲೇ ಹುಟ್ಟಿ ರಾಡಾರ್ ಚಿಪ್ ಮಾಡಿದ ಸ್ಟೆರೇಡಿಯನ್ ಕಂಪನಿಯನ್ನು ಜಪಾನಿನ ರೆನೆಸಾಸ್ 2022ರಲ್ಲಿ ಕೊಂಡುಕೊಂಡಿತು. ಈಗ ಕಾರಿನ ಹೊರಗಿಗಿಂತ ಒಳಗೆ ಹೆಚ್ಚು ಕೆಲಸ ನಡೆಯುತ್ತಿದೆ. ಹಿಂದಿನ ಸೀಟಿನಲ್ಲಿ ಮರೆತುಹೋದ ಮಗುವನ್ನು ಅದರ ಉಸಿರಾಟದಿಂದ ಗುರುತಿಸುವುದಕ್ಕೆ, ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ 2023ರಿಂದ ಅಂಕ ಕೊಡುತ್ತಿದೆ. ಹೊದಿಕೆ ಹೊದ್ದು ಮಲಗಿದ ಕೂಸನ್ನೂ ಅದು ಕಾಣುತ್ತದೆ, ಏಕೆಂದರೆ ಒಣ ಬಟ್ಟೆ ಈ ಅಲೆಗಳಿಗೆ ಗಾಜಿನಂತೆ.

ಹೊಳೆಸಾಲು:
ಬಟ್ಟೆ ಗಾಜಿನಂತೆ ಎಂದಿರಿ. ನನ್ನ ಆಕ್ಷೇಪ ಇರುವುದೇ ಅಲ್ಲಿ. ‘ಕ್ಯಾಮೆರಾ ಅಲ್ಲ, ಆದ್ದರಿಂದ ಮರ್ಯಾದೆಗೆ ಭಂಗವಿಲ್ಲ’ ಎಂದು ಎಲ್ಲರೂ ಹೇಳುತ್ತಿದ್ದೀರಿ. ಮುಖ ಕಾಣದಿರಬಹುದು. ಆದರೆ ಈ ತಾಯಿ ಎಷ್ಟು ಹೊತ್ತಿಗೆ ಎದ್ದರು, ರಾತ್ರಿ ಎಷ್ಟು ಸಲ ಬಚ್ಚಲಿಗೆ ಹೋದರು, ಎಷ್ಟು ಹೊತ್ತು ಕುಳಿತರು ಎಂಬುದೆಲ್ಲ ದಾಖಲಾಗುತ್ತದೆ. ನನ್ನ ಅಪ್ಪನಾಗಿದ್ದರೆ ಫೋಟೋಕ್ಕಿಂತ ಈ ಪಟ್ಟಿಗೇ ಹೆಚ್ಚು ನಾಚುತ್ತಿದ್ದರು. ಈ ಚರ್ಚೆಯಲ್ಲಿ ಇಷ್ಟು ಜನ ಮಾತನಾಡಿದೆವು. ಅಮ್ಮನನ್ನು ಯಾರಾದರೂ ಕೇಳಿದ್ದೀರಾ?

ತುಂಗಾತೀರದವಳು:
ಕೇಳಿರಲಿಲ್ಲ. ನಿಮ್ಮ ಮಾತು ಓದಿದ ಮೇಲೆ ಸಂಕೋಚವಾಯಿತು. ಈ ವಾರ ಊರಿಗೆ ಹೋಗಿ ಕೇಳುತ್ತೇನೆ.

ಬಳ್ಳಾರಿ_ಬಿಸಿಲು:
ದಾಖಲೆಯ ಭಯಕ್ಕೆ ಪರಿಹಾರವಿದೆ, ಹೊಳೆಸಾಲು ಅವರೇ. ಅಗ್ಗದ ಮಾಡ್ಯೂಲಿಗೆ ಇಂಟರ್ನೆಟ್ಟೇ ಬೇಕಿಲ್ಲ. ಸಣ್ಣ ನಿಯಂತ್ರಕವೊಂದಕ್ಕೆ ತಂತಿ ಜೋಡಿಸಿ, ನಿಮಿಷ ಎಣಿಸಿ, ಮುಗಿದ ಮೇಲೆ ಎಣಿಕೆಯನ್ನು ಅಳಿಸುವಂತೆ ಬರೆದರೆ ಯಾರ ಕೈಗೂ ಯಾವ ಪಟ್ಟಿಯೂ ಸಿಗುವುದಿಲ್ಲ. ಕರೆಂಟಿನ ಬಗ್ಗೆಯೂ ಹೇಳಿಬಿಡುತ್ತೇನೆ: ಸೆನ್ಸರು, ನಿಯಂತ್ರಕ ಸೇರಿ ಒಂದು ವಾಟ್ ಆಸುಪಾಸು. 10,000 ಎಂಎಎಚ್‌ನ ಪವರ್ ಬ್ಯಾಂಕ್ ಒಂದು ದಿನ ನಡೆಸುತ್ತದೆ.

ಹೊಳೆಸಾಲು:
ಹಾಗಿದ್ದರೆ ನನ್ನ ವಿರೋಧ ಅರ್ಧಕ್ಕೆ ಇಳಿಯಿತು. ಉಳಿದರ್ಧ ಅಮ್ಮನ ಉತ್ತರದ ಮೇಲಿದೆ.

ತುಂಗಾತೀರದವಳು (ಮೂರು ವಾರಗಳ ನಂತರ):
ಊರಿನಿಂದ ಬಂದೆ. ತಡವಾದುದಕ್ಕೆ ಕ್ಷಮಿಸಿ, ಬರೆಯುವುದು ಬಹಳವಿದೆ.

ಅಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವರು ಅಲೆಗಳ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದು ಒಂದೇ: ‘ಗಂಟೆ ಹೊಡೆದರೆ ಬರುವವರು ಯಾರು?’ ಪಕ್ಕದ ಮನೆಗೆ ಕೇಳುವಂತೆ ಮಾಡುತ್ತೇನೆ ಎಂದೆ. ‘ನಾನು ಬರೀ ಮೈಯಲ್ಲಿ ಬಿದ್ದಿರುವಾಗ ಆ ಮನೆಯ ಗಂಡಸರು ಬಂದರೆ ಏನು ಮಾಡಲಿ? ಅತ್ತೆ ಬರುವುದಾದರೆ ಮಾತ್ರ ಹಾಕು’ ಎಂದರು. ಹಾಗಾಗಿ ಸೆನ್ಸರಿಗಿಂತ ಮೊದಲು ನಾನು ಮಾಡಿದ ಕೆಲಸ ಅತ್ತೆಯ ಹತ್ತಿರ ಹೋಗಿ ಮಾತನಾಡಿದ್ದು. ಬಚ್ಚಲಿನ ಬಾಗಿಲಿಗೆ ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಿ, ಹೇಗೆ ತೆಗೆಯುವುದೆಂದು ಅವರಿಗೆ ತೋರಿಸಿದೆ. ಎರಡು ಮನೆಗಳ ನಡುವೆ ಅಡಿಕೆ ತೋಟವಿದೆ, ನೂರು ಮೀಟರ್ ಇರಬಹುದು. ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಆದ್ದರಿಂದ ಮರದಿಂದ ಮರಕ್ಕೆ ಎರಡೆಳೆಯ ತಂತಿಯನ್ನೇ ಎಳೆಸಿ, ಅತ್ತೆಯ ಅಡುಗೆಮನೆಯಲ್ಲಿ 12 ವೋಲ್ಟಿನ ಗಂಟೆ ಹಾಕಿಸಿದೆ.

ಸೆನ್ಸರ್‌ಗಳು ಎರಡು, ಬಳ್ಳಾರಿಯ ತಮ್ಮ ಹೇಳಿದವೇ. ಉಗಿಯಿಂದ ತೊಂದರೆಯಾಗುತ್ತದೆಂದು ಹೆದರಿದ್ದೆ. ಗಾಳಿಯಲ್ಲಿ ತೇಲುವ ಉಗಿಯಿಂದ ಏನೂ ಆಗಲಿಲ್ಲ. ಆದರೆ ಮೂರನೆಯ ದಿನ ಬೆಳಗ್ಗೆ ಸೆನ್ಸರ್ ಪೂರ್ತಿ ಕುರುಡಾಯಿತು. ಏಣಿ ಹತ್ತಿ ನೋಡಿದರೆ ಪ್ಲಾಸ್ಟಿಕ್ ಡಬ್ಬಿಯ ಮುಖದ ಮೇಲೆ ಉಗಿ ತಣಿದು, ನೀರು ತೆಳುವಾದ ಹಾಳೆಯಂತೆ ಕುಳಿತಿತ್ತು. ಬೆರಳಿನಿಂದ ಒರೆಸಿದ ಕೂಡಲೇ ನನ್ನ ಕೈಯನ್ನೇ ಅದು ಗುರುತಿಸಿತು. ಆಮೇಲೆ ಡಬ್ಬಿಯನ್ನು ಹಂಡೆಯಿಂದ ದೂರದ ಗೋಡೆಗೆ ಸರಿಸಿ, ಮುಖವನ್ನು ಕೆಳಕ್ಕೆ ಓರೆ ಮಾಡಿ, ಮೇಲೊಂದು ಸೂರಿನಂಥ ಸಣ್ಣ ಮಾಡು ಕೊಟ್ಟೆ, ತಗಡಿನದಲ್ಲ, ಪ್ಲಾಸ್ಟಿಕ್ಕಿನದು. ಹನಿ ಕೂತರೂ ಜಾರಿ ಹೋಗುತ್ತದೆ.

ಚಿಪ್_ಕೆಲಸಗಾರ:
ನೀವು ಅನುಭವದಿಂದ ಕಂಡುಕೊಂಡದ್ದು ಕಾರಿನ ರಾಡಾರ್ ಮಾಡುವವರ ದೊಡ್ಡ ತಲೆನೋವು. ಗಾಳಿಯಲ್ಲಿ ಚದುರಿದ ಹನಿಗಳಿಗಿಂತ ಸೆನ್ಸರಿನ ಮುಸುಕಿನ ಮೇಲೆ ಅಂಟಿದ ನೀರಿನ ಪದರ ಎಷ್ಟೋ ಪಾಲು ಹೆಚ್ಚು ಅಲೆಯನ್ನು ತಡೆಯುತ್ತದೆ. ಹಂಡೆ ಏನಾದರೂ ಕಾಟ ಕೊಟ್ಟಿತೇ?

ತುಂಗಾತೀರದವಳು:
ಕೊಟ್ಟಿತು, ಅದು ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಅಮ್ಮ ಮಣೆಯ ಮೇಲೆ ಒಂದು ಕಡೆ ಕುಳಿತಿದ್ದರೆ, ಅವರಿಗಿಂತ ಒಂದು ಗೇಟ್ ಹಿಂದೆ, ಗೋಡೆಯೊಳಗೆ ಇನ್ನೊಬ್ಬರು ಇದ್ದಂತೆ ತೋರಿಸುತ್ತಿತ್ತು.

ಚಿಪ್_ಕೆಲಸಗಾರ:
ಅದು ಹಂಡೆಯಲ್ಲಿ ಕಂಡ ಅಮ್ಮನ ಬಿಂಬ. ಅಲೆ ಅಮ್ಮನಿಗೆ ತಗುಲಿ, ಅಲ್ಲಿಂದ ತಾಮ್ರಕ್ಕೆ ತಗುಲಿ ಸುತ್ತುಹಾಕಿ ಮರಳಿದಾಗ ದಾರಿ ಉದ್ದವಾಗುತ್ತದೆ. ಸೆನ್ಸರ್ ಅದನ್ನು ಹೆಚ್ಚು ದೂರವೆಂದು ಓದಿಕೊಳ್ಳುತ್ತದೆ. ನಿಮ್ಮ ಬಳಕೆಗೆ ಅದರಿಂದ ಹಾನಿಯಿಲ್ಲ, ಅಮ್ಮ ಹೊರಟರೆ ಬಿಂಬವೂ ಹೋಗುತ್ತದೆ. ಬೇಡವೆಂದರೆ ಆ ಗೇಟನ್ನು ಮುಚ್ಚಿ.

ಶುಶ್ರೂಷಕಿ_ಹುಬ್ಬಳ್ಳಿ:
ಎಷ್ಟು ನಿಮಿಷಕ್ಕೆ ಇಟ್ಟಿರಿ, ತಂಗೀ?

ತುಂಗಾತೀರದವಳು:
ಒಂದು ವಾರ ಅಮ್ಮನಿಗೆ ತಿಳಿಸಿಯೇ ಅಳೆದೆ. ದಿನದ ಸ್ನಾನ ಹದಿನೈದು ನಿಮಿಷ ಮೀರುವುದಿಲ್ಲ. ಇಪ್ಪತ್ತೈದಕ್ಕೆ ಒಳಗೆ ಸಣ್ಣ ಸದ್ದು. ಮಣೆಯ ಪಕ್ಕದಲ್ಲಿ ನೆಲದಿಂದ ಒಂದು ಗೇಣು ಎತ್ತರಕ್ಕೆ, ಮಲಗಿದವರ ಕೈಗೂ ಎಟಕುವಂತೆ, 5 ವೋಲ್ಟಿನ ಗುಂಡಿ ಹಾಕಿದ್ದೇನೆ. ಅದನ್ನು ಒತ್ತಿದರೆ ಎಣಿಕೆ ಮತ್ತೆ ಮೊದಲಾಗುತ್ತದೆ. ಮೂರು ನಿಮಿಷ ಯಾರೂ ಒತ್ತದಿದ್ದರೆ ಅತ್ತೆಯ ಮನೆಯಲ್ಲಿ ಗಂಟೆ. ಶುಕ್ರವಾರ ಎಣ್ಣೆಸ್ನಾನ, ಐವತ್ತು ನಿಮಿಷ ಆಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ತಲೆಗೆ ಎಣ್ಣೆ ಹಾಕಿಕೊಂಡು ಕುಳಿತ ಅಮ್ಮ ಸದ್ದನ್ನು ಲಕ್ಷಿಸಲಿಲ್ಲ, ಅತ್ತೆ ತೋಟ ದಾಟಿ ಓಡಿಬಂದರು. ಗಂಟೆ ಹೊಡೆದಾಗಿನಿಂದ ಅವರು ಬಾಗಿಲ ಹೊರಗೆ ಬಂದು ನಿಲ್ಲುವವರೆಗೆ ನಾಲ್ಕು ನಿಮಿಷ. ನನಗೆ ಆ ನಾಲ್ಕು ನಿಮಿಷ ತಿಳಿದದ್ದೇ ದೊಡ್ಡ ಸಮಾಧಾನ.

ಹೊಳೆಸಾಲು:
ಶುಕ್ರವಾರಕ್ಕೆ ಬೇರೆ ಮಿತಿ ಹಾಕಿದಿರಾ?

ತುಂಗಾತೀರದವಳು:
ವಾರ ನೋಡಿ ಹಾಕಬೇಡ, ನನ್ನನ್ನು ಕೇಳಿ ಹಾಕು ಎಂದರು ಅಮ್ಮ. ಬಾಗಿಲ ಪಕ್ಕದಲ್ಲಿ ಎಣ್ಣೆಸ್ನಾನಕ್ಕೆಂದೇ ಎರಡನೆಯ ಗುಂಡಿ ಇಟ್ಟೆ. ಅದನ್ನು ಒತ್ತಿ ಒಳಗೆ ಹೋದರೆ ಆ ಒಂದು ಸಲಕ್ಕೆ ಮಾತ್ರ ಒಂದು ಗಂಟೆಯ ಮಿತಿ.

ಬಳ್ಳಾರಿ_ಬಿಸಿಲು:
ಅಕ್ಕಾ, ಒಂದು ಮಾತು ಮರೆಯಬೇಡಿ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಹಂಡೆಗೆ ಹೂವು, ಬಳ್ಳಿ ಕಟ್ಟುತ್ತೀರಲ್ಲ. ಇಳಿಬಿದ್ದ ಮಾಲೆ ಗಾಳಿಗೆ ಅಲುಗಿದರೆ ಒಳಗೆ ಮನುಷ್ಯರಿದ್ದಾರೆ ಎಂದು ರಾತ್ರಿಯಿಡೀ ತೋರಿಸೀತು. ಆ ಗೇಟಿನ ಸೂಕ್ಷ್ಮತೆಯನ್ನು ಹಬ್ಬಕ್ಕೆ ಮೊದಲೇ ಇಳಿಸಿಡಿ.

ತುಂಗಾತೀರದವಳು:
ಹಬ್ಬಕ್ಕೆ ನಾನೇ ಹೋಗುತ್ತೇನೆ ತಮ್ಮಾ. ಮಾಲೆಯನ್ನು ಹಂಡೆಯ ಕುತ್ತಿಗೆಗೆ ಬಿಗಿಯಾಗಿ ಸುತ್ತಿ ಕಟ್ಟಿ ನೋಡಿ, ಇಲ್ಲಿಯೇ ಬರೆಯುತ್ತೇನೆ.